ಹಾಲಿಲ್ಲದ ನಿಪ್ಪಲ್ ಸುಳ್ಳು ಹೇಳುತ್ತದೆಯೇ?

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಬಾಯಿಗೆ ಹಾಲಿಲ್ಲದ ನಿಪ್ಪಲ್ ಇಡುವುದು ಧರ್ಮವೋ ಅಧರ್ಮವೋ? ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿರುವ ನನಗೆ ಈ ಪ್ರಶ್ನೆ ಹಾಕಿದವರು ಮಂಡ್ಯ ಕಡೆಯ ಒಬ್ಬ ಅಜ್ಜಿ. ಏಳು ತಿಂಗಳಿಗೇ ಹುಟ್ಟಿದ ಮೊಮ್ಮಗಳನ್ನು ಗಾಜಿನಾಚೆಯಿಂದ ನೋಡುತ್ತ ನಿಂತಿದ್ದ ಅವರು, ನಾನು ಹೊರಗೆ ಬಂದೊಡನೆ ಕೇಳಿದರು: "ಅಲ್ಲ ಸಿಸ್ಟರಮ್ಮ, ಬರೀ ರಬ್ಬರ್ ಬಾಯಿಗಿಟ್ಟು ಹಸುಗೂಸಿಗೆ ಮೋಸ ಮಾಡ್ತಿದ್ದೀರಲ್ಲ, ಪಾಪ ಸುತ್ಕೊಳಲ್ವಾ?"

ನನ್ನ ತಂದೆ ತರ್ಕಶಾಸ್ತ್ರ ಓದಿದವರು. ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಉತ್ತರ ಹೇಳುವ ಅಧಿಕಾರವಿದೆ ಎಂಬುದು ಅವರ ಪಾಠ. ಆದ್ದರಿಂದ ಅಜ್ಜಿಯ ವಾದವನ್ನು ಮೊದಲು ನೆಟ್ಟಗೆ ನಿಲ್ಲಿಸುತ್ತೇನೆ. ಮಗು ಚೀಪುವುದು ಹಾಲಿಗಾಗಿ. ನಿಪ್ಪಲ್ಲಿನ ಆಕಾರವೇ ಇಲ್ಲಿ ಹಾಲಿದೆ ಎಂದು ಹೇಳುತ್ತದೆ. ಒಳಗೆ ಹಾಲಿಲ್ಲ. ಹಾಗಾದರೆ ಅದು ಸುಳ್ಳು. ಅದೂ ಮಾತು ಬಾರದ, ಪ್ರತಿಭಟಿಸಲಾರದ ಜೀವಕ್ಕೆ ಹೇಳಿದ ಸುಳ್ಳು. ಇದು ಹಗುರವಾದ ಆಕ್ಷೇಪವಲ್ಲ.

ಅಜ್ಜಿಯ ಬೆನ್ನಿಗೆ ನ್ಯಾಯಸೂತ್ರದ ಗೌತಮರೇ ಇದ್ದಾರೆ. ಆ ಗ್ರಂಥದ ಮೂರನೇ ಅಧ್ಯಾಯದಲ್ಲಿ ಆತ್ಮ ನಿತ್ಯ ಎಂದು ಸಾಧಿಸಲು ಅವರು ಕೊಡುವ ಕಾರಣಗಳಲ್ಲಿ ಒಂದು ಹಸುಗೂಸಿನ ಮೊಲೆಹಾಲಿನ ಆಸೆ. ಈ ಜನ್ಮದಲ್ಲಿ ಇನ್ನೂ ಏನನ್ನೂ ಉಣ್ಣದ ಕೂಸಿಗೆ ಹಾಲು ಬೇಕೆನಿಸುವುದು ಹಿಂದಿನ ಜನ್ಮದ ಆಹಾರದ ಅಭ್ಯಾಸದಿಂದ ಎನ್ನುತ್ತಾರೆ. ಎದುರಾಳಿ ಒಪ್ಪುವುದಿಲ್ಲ: ಕಬ್ಬಿಣ ಅಯಸ್ಕಾಂತದ ಕಡೆಗೆ ಹೋಗುವುದಕ್ಕೆ ಯಾವ ನೆನಪು ಬೇಕು? ಕೂಸೂ ಹಾಗೆಯೇ ಮೊಲೆಯತ್ತ ಹೋಗುತ್ತದೆ. ಸಿದ್ಧಾಂತಿಯ ಉತ್ತರ: ಕಬ್ಬಿಣ ಅಯಸ್ಕಾಂತದತ್ತ ಮಾತ್ರ ಹೋಗುತ್ತದೆ, ಬೇರೆಡೆ ಹೋಗುವುದಿಲ್ಲ, ಆ ನಿಯಮಕ್ಕೂ ಒಂದು ಕಾರಣ ಇರಲೇಬೇಕು. ವಾದ ಎಷ್ಟೇ ಬಿರುಸಾಗಿದ್ದರೂ ಒಂದು ವಿಷಯದಲ್ಲಿ ಇಬ್ಬರಿಗೂ ಭೇದವಿಲ್ಲ. ಕೂಸಿನ ಬಾಯಿ ಆಡುವುದು ಹಾಲಿನ ಕಡೆಗೆ ಎಂದು ಇಬ್ಬರೂ ಹಿಡಿದಿದ್ದಾರೆ.

ನಮ್ಮ ವಾರ್ಡಿನ ಮಕ್ಕಳು ಅಲ್ಲಿಗೆ ನಿಲ್ಲುವುದಿಲ್ಲ. ಗರ್ಭದ ನಾಲ್ಕನೇ ತಿಂಗಳ ಹೊತ್ತಿಗೇ ಶಿಶು ಬೆರಳು ಚೀಪುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಅಲ್ಲಿ ಮೊಲೆಯಿಲ್ಲ, ಹಾಲಿಲ್ಲ, ಹೊಕ್ಕುಳಬಳ್ಳಿಯಿಂದ ಪೋಷಣೆ ಸಿಗುತ್ತಲೇ ಇದೆ. 28 ವಾರಕ್ಕೆ ಹುಟ್ಟಿದ ಕೂಸು ಎರಡು ಸಲ ಚೀಪಿ, ದಣಿದು, ತುಂಬ ಹೊತ್ತು ಸುಮ್ಮನಾಗಿ ಮತ್ತೆ ಚೀಪುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಬರುವುದು 34 ವಾರಗಳ ಆಸುಪಾಸಿನಲ್ಲಿ. ಅದಕ್ಕೂ ಮೊದಲು ಬಾಯಿಗೆ ಹಾಲು ಹಾಕಿದರೆ ಶ್ವಾಸನಾಳಕ್ಕೆ ಇಳಿಯುವ ಭಯವಿದೆ. ಅಂದರೆ ಹಾಲು ಕುಡಿಯುವ ಯೋಗ್ಯತೆಗಿಂತ ಎಷ್ಟೋ ಮೊದಲೇ ಚೀಪುವ ಬಯಕೆ ಹುಟ್ಟಿರುತ್ತದೆ. ಇದರಿಂದ ಗೌತಮರ ಪುನರ್ಜನ್ಮದ ವಾದ ಬಿದ್ದುಹೋಯಿತು ಎಂದು ನಾನು ಹೇಳುವುದಿಲ್ಲ. ಅಭ್ಯಾಸ ಚೀಪುವುದರದ್ದೇ ಇರಬಹುದಲ್ಲ ಎಂದು ನನ್ನ ತಂದೆಯೇ ಕೇಳಿಯಾರು. ನನಗೆ ಬೇಕಾದದ್ದು ಇಷ್ಟೇ: ಚೀಪುವುದು ಹಾಲಿಗಾಗಿ ಮಾತ್ರ ಎಂಬ ಮಾತು ನಿಲ್ಲುವುದಿಲ್ಲ.

ಇನ್ನು ಮಗು ಮೋಸಹೋಗುತ್ತದೆಯೇ? 1968ರಲ್ಲಿ ಪೀಟರ್ ವುಲ್ಫ್ ಎಂಬ ವೈದ್ಯರು ಶಿಶುಗಳ ಚೀಪುವ ಲಯವನ್ನು ಅಳೆದು ಬರೆದರು. ಹಾಲು ಬರುತ್ತಿದ್ದರೆ ಸೆಕೆಂಡಿಗೆ ಸುಮಾರು ಒಂದು ಸಲ, ಹಾಲಿಲ್ಲದಿದ್ದರೆ ಸುಮಾರು ಎರಡು ಸಲ. ದಿನ ತುಂಬಿ ಹುಟ್ಟಿದ ಕೂಸಿನಲ್ಲಿ ಈ ಎರಡು ಲಯಗಳು ಸ್ಪಷ್ಟವಾಗಿ ಬೇರೆಬೇರೆ. ಬಾಯಲ್ಲಿರುವುದು ಹಾಲೋ ಅಲ್ಲವೋ ಎಂದು ಆ ನಾಲಿಗೆಗೆ ಗೊತ್ತು. ತಿಳಿದೇ ಚೀಪುವವರನ್ನು ವಂಚಿಸಿದೆವು ಎನ್ನಲಾಗದು.

ಆದರೂ ಕೊಡುವವರ ಮನಸ್ಸಿನ ಪ್ರಶ್ನೆ ಉಳಿಯುತ್ತದೆ. ಯೋಗಸೂತ್ರದ ಸತ್ಯ ಎಂಬ ಯಮಕ್ಕೆ, ಅಂದರೆ ಸಂಯಮದ ವ್ರತಕ್ಕೆ, ಭಾಷ್ಯ ಬರೆದ ವ್ಯಾಸರು ಇಟ್ಟ ಒರೆಗಲ್ಲುಗಳಲ್ಲಿ ಎರಡು ಇಲ್ಲಿಗೆ ಸಲ್ಲುತ್ತವೆ. ಮಾತಿನಲ್ಲಿ ವಂಚನೆ ಇರಬಾರದು. ಅದು ಜೀವಿಗಳ ಹಿತಕ್ಕಾಗಿ ಇರಬೇಕು, ಕೇಡಿಗಾಗಿ ಇರಬಾರದು. ಅವರು ಹೇಳಿದ್ದು ಮಾತಿಗೆ. ಮಾತಿಲ್ಲದ ಮಕ್ಕಳ ನಡುವೆ ದುಡಿಯುವ ನನಗೆ ಕೈಯೇ ಮಾತು. ಹಾಗಾಗಿ ನನ್ನ ಕೈ ಮಾಡುವುದನ್ನೇ ಆ ಕಲ್ಲಿಗೆ ತಿಕ್ಕಿ ನೋಡುತ್ತೇನೆ.

ಮೂಗಿನಿಂದಲೋ ಬಾಯಿಂದಲೋ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ತಾಯಿ ಹಿಂಡಿ ಕೊಟ್ಟ ಹಾಲನ್ನು ಬಿಡುವಾಗಲೇ ನಾವು ಪ್ಯಾಸಿಫೈಯರ್, ಅಂದರೆ ಆ ಹಾಲಿಲ್ಲದ ನಿಪ್ಪಲ್, ಕೊಡುತ್ತೇವೆ. ಬಾಯಿ ಚೀಪುತ್ತಿರುತ್ತದೆ, ಅದೇ ಹೊತ್ತಿಗೆ ಹೊಟ್ಟೆ ತುಂಬುತ್ತಿರುತ್ತದೆ. ಚೀಪಿದರೆ ಹಸಿವು ಇಂಗುತ್ತದೆ ಎಂಬುದನ್ನು ದೇಹ ಹೀಗೆ ಕಲಿಯುತ್ತದೆ, ಮುಂದೆ ತಾಯಿಯ ಮಡಿಲಲ್ಲಿ ಅದು ನಿಜವೂ ಆಗುತ್ತದೆ. ಹಾಲಿಲ್ಲದ ಚೀಪಾಟದ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹೀಗೆ ಚೀಪುವ ಅವಕಾಶ ಸಿಕ್ಕ ಮಕ್ಕಳು ನಳಿಕೆ ಬಿಟ್ಟು ಬಾಯಿಂದ ಕುಡಿಯಲು ಬೇಗ ಕಲಿಯುತ್ತಾರೆ, ಬೇಗ ಮನೆಗೂ ಹೋಗುತ್ತಾರೆ. ತೂಕ ಏರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಅದು ಹಾಲಿನ ಕೆಲಸ, ನಿಪ್ಪಲ್ಲಿನದಲ್ಲ. ರಕ್ತಪರೀಕ್ಷೆಗೆ ಹಿಮ್ಮಡಿ ಚುಚ್ಚುವಾಗಲೂ ಚೀಪುತ್ತಿರುವ ಕೂಸು ಕಡಿಮೆ ನರಳುತ್ತದೆ. ಚುಚ್ಚುವುದು ತಪ್ಪದು ಎಂದಾದಾಗ ನರಳಾಟವನ್ನಾದರೂ ಕಡಿಮೆ ಮಾಡಬೇಕಾದದ್ದು ಚುಚ್ಚುವವರ ಧರ್ಮ.

ಕೊಡುವ ರೀತಿಯಲ್ಲೂ ಒಂದು ಮರ್ಯಾದೆ ಇದೆ. ಚಿಕ್ಕ ಬಾಯಿಗೆಂದೇ ಮಾಡಿದ, ಶುಚಿಗೊಳಿಸಿದ ನಿಪ್ಪಲ್ಲನ್ನು ಕೆಳತುಟಿಗೆ ಮೆಲ್ಲಗೆ ಮುಟ್ಟಿಸಿ ಕಾಯಬೇಕು. ಕೂಸು ತಾನಾಗಿ ಬಾಯಿ ತೆರೆದು ನಾಲಿಗೆ ಚಾಚಿದರೆ ಒಳಗಿಡಬೇಕು. ಮುಖ ತಿರುಗಿಸಿದರೆ, ಬಣ್ಣ ಬದಲಾದರೆ, ಮಾನಿಟರಿನಲ್ಲಿ ಎದೆಬಡಿತ ಇಳಿದರೆ ತೆಗೆಯಬೇಕು. ಒಂದು ಕೆಜಿ ತೂಗುವ ಜೀವಕ್ಕೂ ಬೇಡ ಎನ್ನುವ ಹಕ್ಕಿದೆ.

ಅಜ್ಜಿಯ ಆಕ್ಷೇಪ ಗೆಲ್ಲುವ ಜಾಗವೂ ಒಂದಿದೆ, ಅದನ್ನು ಮುಚ್ಚಿಡಲಾರೆ. ಹಸಿದು ಅಳುವ ಮಗುವನ್ನು ಸುಮ್ಮನಾಗಿಸಲು, ಹಾಲೂಡಿಸುವ ಹೊತ್ತನ್ನು ಮುಂದೂಡಲು, ಎತ್ತಿಕೊಳ್ಳಲು ಯಾರಿಗೂ ಪುರಸೊತ್ತಿಲ್ಲವೆಂದು ನಿಪ್ಪಲ್ ತುರುಕಿದರೆ ಅದು ಖಂಡಿತ ವಂಚನೆ. ಮೋಸ ಆಗ ರಬ್ಬರಿನಲ್ಲಿಲ್ಲ, ತುರುಕಿದ ಕೈಯಲ್ಲಿದೆ. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸ್ತನ್ಯಪಾನದ ಹತ್ತು ಸೂತ್ರಗಳಲ್ಲಿ ಎದೆಹಾಲು ಕುಡಿಯುವ ಮಕ್ಕಳಿಗೆ ಪ್ಯಾಸಿಫೈಯರ್ ಬೇಡವೇ ಬೇಡ ಎಂದದ್ದರ ಹಿಂದೆ ಈ ಭಯವೂ ಇತ್ತು. 2018ರ ಪರಿಷ್ಕರಣೆಯಲ್ಲಿ ಆ ಸೂತ್ರ, ಪ್ಯಾಸಿಫೈಯರಿನ ಬಳಕೆ ಮತ್ತು ಅಪಾಯಗಳನ್ನು ತಾಯಿಗೆ ತಿಳಿಸಿ ಹೇಳಿ ಎಂದು ಬದಲಾಯಿತು. ನೇರವಾಗಿ ಮೊಲೆಯುಣ್ಣಲಾರದ ಅವಧಿಪೂರ್ವ ಮಕ್ಕಳಿಗೆ ಹಾಲಿಲ್ಲದ ಚೀಪಾಟದಿಂದ ಉಪಯೋಗವಿರಬಹುದು ಎಂದೂ ಸಂಸ್ಥೆ ಒಪ್ಪಿಕೊಂಡಿದೆ. ಔಷಧಿಯ ಹಾಗೆ ಇದಕ್ಕೂ ಹೊತ್ತು, ಪ್ರಮಾಣ, ನಿಲ್ಲಿಸುವ ದಿನ ಎಲ್ಲವೂ ಇವೆ.

ತಾಯಿ ಪಕ್ಕದಲ್ಲಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯೂ ಉಂಟು. ಹಾಲು ಹಿಂಡಿ ತೆಗೆದ ಎದೆಯನ್ನೇ ಕೂಸಿನ ಬಾಯಿಗೆ ಕೊಡುವುದು ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಕಾಂಗರೂ ಆರೈಕೆಯಲ್ಲಿ ಎದೆಗೆ ಎದೆ ಹಚ್ಚಿ ಮಲಗಿದ ಮಗು ಹಾಗೆ ಚೀಪಿಕೊಂಡೇ ನಿದ್ದೆಹೋಗುತ್ತದೆ. ಸಿಸೇರಿಯನ್ ಆಗಿ ತಾಯಿ ಬೇರೆ ವಾರ್ಡಿನಲ್ಲೋ ಬೇರೆ ಊರಿನಲ್ಲೋ ಮಲಗಿರುವಾಗ ಮಾತ್ರ ಪ್ಯಾಸಿಫೈಯರ್ ಆಕೆಯ ಜಾಗವನ್ನು ಕಾಯಬೇಕು. ಕಾಯುವವರು ಆ ಜಾಗದ ಒಡೆಯರಾಗಬಾರದು.

ಅಜ್ಜಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಅಮ್ಮಾ, ಅವಳು ಚೀಪೋವಾಗ ನಳಿಗೇಲಿ ನಿಮ್ಮ ಸೊಸೆ ಹಾಲೇ ಹೋಗ್ತಿರುತ್ತೆ. ಬನ್ನಿ, ನೋಡಿ" ಎಂದು ಕೈ ತೊಳೆಸಿ, ಗೌನು ತೊಡಿಸಿ ಒಳಗೆ ಕರೆದುಕೊಂಡು ಹೋದೆ.

ಓದುವ ನಿಮ್ಮ ಮನೆಯಲ್ಲೂ ಇಂಥ ಕೂಸು ಬಂದೀತು. ನಿಪ್ಪಲ್ ಯಾವಾಗ ಶುರು ಮಾಡಬೇಕು, ಯಾವಾಗ ಬಿಡಿಸಬೇಕು ಎಂದು ವೈದ್ಯರನ್ನೂ ನರ್ಸನ್ನೂ ಕೇಳಿ, ಸಂಕೋಚ ಬೇಡ. ಅದನ್ನು ಜೇನಿನಲ್ಲಿ ಅದ್ದಬೇಡಿ. ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೂಡದು. ಹಸಿದ ಅಳು ಕೇಳಿದರೆ ಮೊದಲು ಹಾಲು ಕೊಡಿ. ಹಾಲಿನ ಹೊತ್ತಲ್ಲದಾಗ ಚೀಪಲು ಕೊಟ್ಟರೂ ಪಕ್ಕದಲ್ಲಿ ನೀವಿರಿ. ನೀವು ಅಲ್ಲಿರುವ ತನಕ ಆ ಸಮಾಧಾನದಲ್ಲಿ ಸುಳ್ಳಿಲ್ಲ.