ಎರಡನೇ ಸಲ ಹೋಗುವ ಧೈರ್ಯ

ಇವತ್ತು ಒಂದೇ ಪ್ರಶ್ನೆ ಇಟ್ಕೊಂಡು ಯೋಚಿಸೋಣ. ಧೈರ್ಯ ಅಂದ್ರೆ ಏನು? ಭಯ ಇಲ್ಲದಿರುವುದಾ?

1965ರ ನವೆಂಬರ್ 14. ವಿಯೆಟ್ನಾಂನ ಇಯಾ ಡ್ರಾಂಗ್ ಕಣಿವೆ. ಅಮೆರಿಕದ ಮೇಜರ್ ಬ್ರೂಸ್ ಕ್ರ್ಯಾಂಡಲ್ ಹೆಲಿಕಾಪ್ಟರ್ ತಂಡವೊಂದರ ನಾಯಕ. 'ಎಕ್ಸ್-ರೇ' ಎಂದು ಹೆಸರಿಟ್ಟ ಬಯಲಿನಲ್ಲಿ ಸೈನಿಕರನ್ನು ಇಳಿಸಿ ಬರುವುದು ಅವರ ಕೆಲಸ. ಮೊದಲ ಸುತ್ತುಗಳು ಮುಗಿದವು. ಆಮೇಲೆ ಗುಂಡಿನ ಮಳೆ. ಗಾಯಾಳುಗಳನ್ನು ಹೊರುವ ವೈದ್ಯಕೀಯ ಹೆಲಿಕಾಪ್ಟರ್‌ಗಳು ಬರಲಿಲ್ಲ. ಗುಂಡು ಹಾರುತ್ತಿರುವ ಕಡೆ ಇಳಿಯಬಾರದು ಅನ್ನೋದು ಅವರಿಗಿದ್ದ ನಿಯಮ.

ಬೇಸ್‌ಗೆ ಮರಳಿದ ಕ್ರ್ಯಾಂಡಲ್, ನನ್ನ ಜೊತೆ ಯಾರು ಬರ್ತೀರಿ ಎಂದು ಕೇಳಿದರು. ಕ್ಯಾಪ್ಟನ್ ಎಡ್ ಫ್ರೀಮನ್ ಮುಂದೆ ಬಂದರು. ಅವರ ಹೆಲಿಕಾಪ್ಟರ್‌ಗಳಲ್ಲಿ ಆಯುಧ ಇರಲಿಲ್ಲ. ಹೋಗುವಾಗ ಮದ್ದುಗುಂಡು, ಬರುವಾಗ ಗಾಯಾಳುಗಳು. ಕ್ರ್ಯಾಂಡಲ್ ಆ ದಿನ 22 ಸಲ ಹಾರಿದರು. ಹೆಲಿಕಾಪ್ಟರ್ ಜಖಂ ಆದಾಗ ಬೇರೆಯದನ್ನು ಹತ್ತಿದರು. ಇಬ್ಬರೂ ಸೇರಿ ಸುಮಾರು 70 ಜನರನ್ನು ಹೊರತಂದರು.

ಇಲ್ಲಿ ಗಮನಿಸಿ. ಮೊದಲ ಸಲ ಹೋಗುವಾಗ ಅಲ್ಲಿ ಏನು ಕಾದಿದೆ ಅಂತ ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಮತ್ತೆ ಹೋಗುವಾಗ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಲ ಬೇಸ್‌ನಲ್ಲಿ ಇಳಿದಾಗಲೂ ಕಾಲ ಕೆಳಗೆ ಸುರಕ್ಷಿತ ನೆಲ. ಸಾಕು ಅಂದಿದ್ರೆ ಯಾರೂ ಬೈಯ್ತಿರಲಿಲ್ಲ. ಗಾಯಾಳುಗಳನ್ನು ತರೋದು ಅವರ ಡ್ಯೂಟಿಯೇ ಅಲ್ಲ. ಅಂದ್ರೆ ಧೈರ್ಯ ಒಬ್ಬರ ಒಳಗೆ ತುಂಬಿಟ್ಟ ದಾಸ್ತಾನು ಅಲ್ಲ. ಪ್ರತಿ ಸಲ ಹೊಸದಾಗಿ ತೆಗೆದುಕೊಳ್ಳಬೇಕಾದ ನಿರ್ಧಾರ.

ಹಾಗಾದ್ರೆ ಆ ಯುದ್ಧವೂ ಸರಿ ಅಂತ ಒಪ್ಪಿದ ಹಾಗಾ? ಇಲ್ಲ. ಅವರು ಒಯ್ದ ಗುಂಡು ಎದುರಿನ ತಾಯಂದಿರ ಮಕ್ಕಳನ್ನೂ ಕೊಂದಿದೆ. ಇದನ್ನು ಮುಚ್ಚಿಟ್ಟು ಹೊಗಳಬಾರದು. ಧೈರ್ಯ ಕಳ್ಳನಿಗೂ ಇರುತ್ತೆ. ಯಾರಿಗಾಗಿ ಅನ್ನೋದು ಮುಖ್ಯ. ನನ್ನನ್ನು ತಟ್ಟುವ ಸಂಗತಿ ಇಷ್ಟೇ: ಆ ಹುಡುಗರನ್ನು ಬಯಲಿಗೆ ಇಳಿಸಿದ್ದೇ ಈ ಹೆಲಿಕಾಪ್ಟರ್‌ಗಳು. ಇಳಿಸಿದವರೇ ಮತ್ತೆ ಹೋಗಿ ಎತ್ತಿಕೊಂಡು ಬಂದರು.

ಲಾಜರನಿಗಾಗಿ ಯೇಸು ಹೊರಟದ್ದು ಎಲ್ಲಿಗೆ? ತನ್ನ ಮೇಲೆ ಕಲ್ಲೆಸೆಯಲು ನೋಡಿದ್ದ ಯೂದಾಯಕ್ಕೇ. ಶಿಷ್ಯರು ತಡೆದರು. ಗೊತ್ತಿದ್ದೇ ಹೋದನು.

ನಮಗೆ ಯುದ್ಧಭೂಮಿ ಇಲ್ಲ. ಆದ್ರೆ ಡಿಪ್ರೆಶನ್‌ನಲ್ಲಿರುವ ಫ್ರೆಂಡ್ ರೂಮಿಗೆ ಒಂದು ಸಲ ಹೋಗಿರ್ತೀವಿ. ಅವನು ಸರಿಯಾಗಿ ಮಾತಾಡಲ್ಲ, ನಮಗೂ ಮುಜುಗರ. ವಾಪಸ್ ಬಂದು 'ಪ್ರೇಯರ್ ಮಾಡ್ತಿದ್ದೀನಿ' ಅಂತ ಮೆಸೇಜ್ ಹಾಕಿ ಸುಮ್ಮನಾಗ್ತೀವಿ. ಮೊದಲ ಭೇಟಿಗೆ ಉತ್ಸಾಹ ಸಾಕು. ಆ ಮೌನ ಹೇಗಿರುತ್ತೆ ಅಂತ ಗೊತ್ತಾದ ಮೇಲೆ ಮತ್ತೆ ಬಾಗಿಲು ತಟ್ಟೋಕೆ ಧೈರ್ಯ ಬೇಕು.

ಕ್ರ್ಯಾಂಡಲ್‌ಗೆ ಅಮೆರಿಕದ ಅತ್ಯುನ್ನತ ಸೇನಾ ಪದಕ ಸಿಕ್ಕಿದ್ದು 2007ರಲ್ಲಿ, 41 ವರ್ಷಗಳ ನಂತರ. ಬಯಲಲ್ಲಿ ಬಿದ್ದಿದ್ದವರಿಗೆ ಬೇಕಿದ್ದದ್ದು ಹೆಲಿಕಾಪ್ಟರ್ ಸದ್ದು ಮತ್ತೊಮ್ಮೆ ಕೇಳಿಸುವುದು, ಅಷ್ಟೇ. ಈ ವಾರ ಯಾರ ಬಾಗಿಲಿಗೆ ನೀವು ಎರಡನೇ ಸಲ ಹೋಗಬೇಕು? ಆಮೆನ್.