ಕೊಟ್ಟವರಿಲ್ಲದ ದಾನ

ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ನಾನು ಜೋಪಾನ ಮಾಡುವ ಟ್ಯೂಬುಗಳಲ್ಲಿ ಪಿ38 ಆಲ್ಫಾ ಎಂಬ ಮನುಷ್ಯರ ಪ್ರೋಟೀನು ಇರುತ್ತದೆ. 360 ಅಮೈನೋ ಆಮ್ಲಗಳ ಸರ. ಉಪ್ಪು ಹೆಚ್ಚಾಗಲಿ, ಬಿಸಿ ತಾಗಲಿ, ಸೋಂಕು ಬರಲಿ, ಜೀವಕೋಶದ ಸಂಕಟದ ಸುದ್ದಿಯನ್ನು ಒಳಗೆ ಮುಟ್ಟಿಸುವ ಕೈನೇಸ್ ಇದು. ಸರದ 180 ಮತ್ತು 182ನೆಯ ಜಾಗಗಳಲ್ಲಿ ಫಾಸ್ಫೇಟ್ ಕೂತರೆ ಎಚ್ಚರಾಗಿ, ಬೇರೆ ಪ್ರೋಟೀನುಗಳಿಗೂ ಫಾಸ್ಫೇಟ್ ಅಂಟಿಸುತ್ತದೆ. ಉರಿಯೂತಕ್ಕೆ ಮದ್ದು ಹುಡುಕುವವರು 1994ರಿಂದ ಇದರ ಬೆನ್ನು ಹತ್ತಿದ್ದಾರೆ.

ನಮ್ಮೂರು ಬೆಳುಂಕಿಯಲ್ಲಿ ಅವ್ವನಿಗೆ ಇದನ್ನು ಹೇಳಿದಾಗ ಆಕೆ ಕೇಳಿದ್ದು ಒಂದೇ: “ಮನಷ್ಯಾರದು ಅಂತೀ. ಯಾರ ಮೈಯಾಗಿಂದ ತಗದಾರ ಯವ್ವಾ? ಅವರನ್ನ ಕೇಳ್ಯಾರೇನು?”

ಅವ್ವ ಗುಡ್ಡಾಪುರದ ದಾನಮ್ಮನ ಭಕ್ತೆ. ನಮ್ಮ ಜತ್ತ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿದ ಆ ಶರಣೆ ಕೊಟ್ಟು ಕೊಟ್ಟೇ ದಾನಮ್ಮ ಆದಳು. ಅವ್ವನ ಲೆಕ್ಕದಲ್ಲಿ ದಾನ ಎಂದರೆ ಕೊಡುವವರಿಗೆ ಗೊತ್ತಿರಬೇಕು, ಮನಸ್ಸಿರಬೇಕು.

ಇಲ್ಲಿ ಯಾರ ಮೈಯನ್ನೂ ಕೊಯ್ದಿಲ್ಲ. ಜೀನಿನ ಬರಹವನ್ನು ನಕಲು ಮಾಡಿ, ಕೆಲವರು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ, ಕೆಲವರು ಹುಳುವಿನ ಕೋಶಗಳಲ್ಲಿ ಪ್ರೋಟೀನು ಮಾಡಿಸುತ್ತಾರೆ. ಎಸ್‌ಎಫ್9 ಎಂಬ ಆ ಕೋಶಗಳ ಮೂಲ ಒಂದು ಕೀಟದ ಪ್ಯೂಪಾ ಹಂತದ ಅಂಡಾಶಯ. ಜೀನು ಹೊತ್ತ ಬ್ಯಾಕ್ಯುಲೋವೈರಸ್ ಹೊಕ್ಕ ಮೇಲೆ ಕೋಶ ನಮ್ಮ ಪ್ರೋಟೀನು ಕಟ್ಟುತ್ತದೆ, ಕೆಲ ದಿನಗಳಲ್ಲಿ ಸಾಯುತ್ತದೆ. ಆ ಕೀಟ ಬೇರೆ ಯಾವುದೂ ಅಲ್ಲ, 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಸೈನಿಕ ಹುಳು, ನಮ್ಮ ಕಡೆಯ ಮಾತಿನಲ್ಲಿ ಲಷ್ಕರಿ ಅಳಿ. ಗೋವಿನಜೋಳದ ಸುಳಿಗೆ ಅವ್ವ ಔಷಧ ಹೊಡೆದು ಕೊಲ್ಲುವ ಅದೇ ಹುಳು. ಇದನ್ನು ತಿಳಿದಂದಿನಿಂದ ‘ಮನುಷ್ಯರದು’ ಎಂಬ ಮಾತನ್ನು ಮೊದಲಿನಷ್ಟು ಸಲೀಸಾಗಿ ಆಡಲು ನನಗೆ ಬಂದಿಲ್ಲ.

ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಉಪ್ಪಿನ ಕಷ್ಟ ತಡೆಯಲು ಯೀಸ್ಟಿನಲ್ಲಿ ಹಾಗ್1 ಎಂಬ ಪ್ರೋಟೀನಿದೆ. ಅದಿಲ್ಲದ ಯೀಸ್ಟಿಗೆ ಪಿ38ರ ದಾಯಾದಿಯಾದ ಮನುಷ್ಯರ ಜೆಎನ್‌ಕೆ1 ಕೊಟ್ಟಾಗ ಅದು ಉಪ್ಪಿನಲ್ಲೂ ಮತ್ತೆ ಬೆಳೆಯಿತು.

ಹಾಗೆಂದು ಟ್ಯೂಬಿನೊಳಗೆ ಸಂಕಟವಿದೆ ಎಂದು ನಾನು ನಂಬುವುದಿಲ್ಲ. ಸಂಕಟ ಪಡುವ ಜೀವಿ ಅಲ್ಲಿಲ್ಲ. ನಂಟಿದೆ ಎಂದ ಮಾತ್ರಕ್ಕೆ ದಯೆ ತಾನಾಗಿ ಹುಟ್ಟುವುದೂ ಇಲ್ಲ. ದಾಯಾದಿಗಳ ಜಗಳ ನೋಡಿದ ಯಾರಿಗಾದರೂ ಅದು ಗೊತ್ತು. ಬಸವಣ್ಣ ಸಕಲ ಜೀವಿಗಳ ಮೇಲೆ ದಯೆ ಬೇಕೆಂದದ್ದು ನಂಟಿನ ಪುರಾವೆ ಕೇಳಿ ಅಲ್ಲ.

ಅವ್ವ ದಾನದಿಂದ ಯೋಚಿಸುತ್ತಾಳೆ, ನನಗೆ ಪ್ರಸಾದ ಹೆಚ್ಚು ಸರಿ ಕಾಣುತ್ತದೆ. ದಾನದಲ್ಲಿ ಕೊಟ್ಟವರ ಮನಸ್ಸು ಮುಖ್ಯ. ಪ್ರಸಾದದ ಭಾರವೆಲ್ಲ ತಗೊಂಡವರ ಮೇಲೆ: ಚೆಲ್ಲುವಂತಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಬಡಿಸಿಕೊಳ್ಳುವಂತಿಲ್ಲ. ಸತ್ತ ಕೋಶಗಳು ಒಪ್ಪಿ ಕೊಟ್ಟಿಲ್ಲ, ಒಪ್ಪುವ ಶಕ್ತಿಯೂ ಅವಕ್ಕಿರಲಿಲ್ಲ. ಆದರೂ ಋಣ ಋಣವೇ. ಈ ಪ್ರೋಟೀನನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕಸುವು ಹೋಗುತ್ತದೆ. ಅದಕ್ಕೇ ಬಂದ ದಿನವೇ ಕೆಲವೇ ಮೈಕ್ರೋಲೀಟರಿನ ಪಾಲು ಮಾಡಿಡುತ್ತೇನೆ. ಹೊಸ ವಿದ್ಯಾರ್ಥಿ ಟ್ಯೂಬು ಕೇಳಿದರೆ, ಯಾವ ಪ್ರಶ್ನೆಗೆ ಬೇಕೆಂದು ಬರೆದು ತಾ ಅನ್ನುತ್ತೇನೆ. ಅವ್ವ ಇದನ್ನು ಇನ್ನೂ ಒಪ್ಪಿಲ್ಲ. ಹುಳದ ಋಣ ಇದ್ದರೆ ಔಷಧ ಹ್ಯಾಂಗ ಹೊಡೀಲಿ ಎಂದು ಕೇಳುತ್ತಾಳೆ. ಬೆಳೆ ಉಳಿಸಿಕೊಳ್ಳದಿದ್ದರೆ ದಾಸೋಹವೂ ಇಲ್ಲ, ಹೊಡಿ ಅಂದೆ, ಸುಳಿಯಲ್ಲಿ ಹುಳು ಕಂಡ ಸಾಲಿಗೆ ಮಾತ್ರ.