ಮಾಯದ ಗಾಯ, ಹೇಳದ ಮಾತು

ನಮ್ಮ ಮೇಲಿನ ಮಹಡಿಯಲ್ಲಿರುವ ಧಾರವಾಡದ ಕಡೆಯ ವೈನಿಯವರಿಗೆ ಅಂಗಾಲಿನಲ್ಲಿ ಒಂದು ಹುಣ್ಣು. ಸಕ್ಕರೆ ಕಾಯಿಲೆ ಹಳೆಯದು. ವಾರಕ್ಕೊಮ್ಮೆ ಅವರನ್ನು ಡಾಕ್ಟರಲ್ಲಿಗೆ ಕರೆದೊಯ್ಯುವ ಕೆಲಸ, ನಿವೃತ್ತನಾದ ನನ್ನ ಪಾಲಿಗೆ ಬಂದಿತ್ತು. ಡಾಕ್ಟರು ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು, ಅಂಚನ್ನು ಪೆನ್ನಿನಿಂದ ಗೀಚಿ, ಚೌಕಗಳನ್ನು ಎಣಿಸಿ ಬರೆದಿಡುತ್ತಿದ್ದರು. ಚಿಕಿತ್ಸೆಯ ನಾಲ್ಕನೆಯ ವಾರ ಎಣಿಸಿದಾಗ ಗಾಯ ಐದರಲ್ಲಿ ಒಂದು ಪಾಲಷ್ಟೇ ಕುಗ್ಗಿತ್ತು. ಆ ದಿನ ರಜೆ ಹಾಕಿ ಬಂದಿದ್ದ ಮಗನನ್ನು ಹೊರಗೆ ಕರೆದು ಅವರು ಏನೋ ಹೇಳಿದರು. ಮೆಟ್ಟಿಲ ಬಳಿ ಅವನು ನನ್ನ ಕೈ ಹಿಡಿದುಕೊಂಡ.

“ಕಾಕಾ, ಅವ್ವಗ ಏನೂ ಹೇಳಬ್ಯಾಡ್ರಿ. ಮಾಯತದ ಅಂತ ಹೇಳ್ರಿ. ಧೈರ್ಯ ಬಿಟ್ರ ಊಟಾನೂ ಬಿಡ್ತಾಳ.”

ನಾನು ತಲೆಯಾಡಿಸಿದೆ. ಊರು ಬಿಟ್ಟು ಬಂದ ನಮಗೆ ಇದು ಹೊಸತೇನಲ್ಲ. ಪತ್ರ ಬರೆಯುತ್ತಿದ್ದ ಕಾಲದಲ್ಲಿ ಜ್ವರದಲ್ಲಿ ಮಲಗಿದ್ದಾಗಲೂ ‘ಇತ್ತ ಎಲ್ಲರೂ ಕ್ಷೇಮ’ ಎಂದೇ ಶುರು ಮಾಡಿದವರು ನಾವು. ಆದರೂ ಆ ತಲೆಯಾಡಿಸಿದ್ದು ಸರಿಯೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಡಾಕ್ಟರು ಹೇಳಿದ್ದು ಊಹೆಯಲ್ಲ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 203 ರೋಗಿಗಳ ಗಾಯಗಳನ್ನು ಅಳೆದರು. ನಾಲ್ಕು ವಾರದಲ್ಲಿ ಗಾಯ ಅರ್ಧಕ್ಕಿಂತ ತುಸು ಹೆಚ್ಚು ಕುಗ್ಗಿದವರಲ್ಲಿ ನೂರಕ್ಕೆ 58 ಮಂದಿಗೆ ಹನ್ನೆರಡು ವಾರದೊಳಗೆ ಮಾಯಿತು. ಅಷ್ಟು ಕುಗ್ಗದವರಲ್ಲಿ ನೂರಕ್ಕೆ 9 ಮಂದಿಗೆ ಮಾತ್ರ. ವೈನಿ ಎರಡನೆಯ ಗುಂಪಿನವರು. ಆದರೆ ಆ ಒಂಬತ್ತರಲ್ಲಿ ಒಬ್ಬರೆ, ಉಳಿದ ತೊಂಬತ್ತೊಂದರಲ್ಲಿ ಒಬ್ಬರೆ? ಅಂಕಿಗೆ ಮುಖವಿಲ್ಲ. ಹೀಗಿರುವಾಗ, ಖಚಿತವಲ್ಲದ್ದನ್ನು ಹೇಳಿ ಏಕೆ ನೋಯಿಸಬೇಕು ಎಂಬುದು ಮಗನ ವಾದ. ಖಚಿತವಿಲ್ಲ ಎಂಬುದೂ ಆಕೆಗೆ ಸೇರಿದ ಸುದ್ದಿಯೇ ಅಲ್ಲವೆ ಎಂಬುದು ನನ್ನ ಅನುಮಾನ.

ಇನ್ನೊಂದು ಸಂಗತಿಯೂ ಇದೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕಾಲಿನ ಹುಣ್ಣು ಮಾಂಸ ತಾನಾಗಿ ಕೊಳೆತು ಆದದ್ದಲ್ಲವೆಂದು ಕಂಡುಕೊಂಡರು. ನೋವು ತಿಳಿಯದ್ದರಿಂದ ಅವರು ಗಾಯದ ಮೇಲೆಯೇ ನಡೆಯುತ್ತಿದ್ದರು. ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದರೆ ಅದೇ ಹುಣ್ಣು ಮಾಯುತ್ತಿತ್ತು. ಸಕ್ಕರೆ ಕಾಯಿಲೆಯಲ್ಲಿ ನರ ಸೋತ ಕಾಲಿನದೂ ಇದೇ ಕಥೆ. ಅಂದರೆ ನಾಲ್ಕನೆಯ ವಾರದ ಲೆಕ್ಕ ಹಣೆಬರಹವಲ್ಲ. ಚಿಕಿತ್ಸೆಯನ್ನೇ ಮತ್ತೊಮ್ಮೆ ನೋಡಿರಿ ಎಂಬ ಸೂಚನೆ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೆ, ಸೋಂಕು ಮೂಳೆಗೆ ಇಳಿದಿದೆಯೆ, ಗಾಯದ ಮೇಲೆ ಭಾರ ಬೀಳುತ್ತಿದೆಯೆ ಎಂದು ಕೇಳುವ ಹೊತ್ತು.

ಭಾರವೇನೋ ಬೀಳುತ್ತಲೇ ಇತ್ತು. ಬೆಳಗಿನ ಐದಕ್ಕೆ ಬರುವ ನೀರು ಹಿಡಿಯುವವರು ವೈನಿ. ನಿಂತು ರೊಟ್ಟಿ ಬಡಿಯುವವರೂ ಅವರೇ. ಹೇಗೂ ಮಾಯುತ್ತದೆ ಎಂದು ನಾವೇ ಹೇಳುತ್ತಿದ್ದರೆ ಅವರು ಯಾಕೆ ಕೂರಬೇಕು? ನಮ್ಮ ಸಮಾಧಾನದ ಮಾತು ಅವರ ಕೈಯಲ್ಲಿದ್ದ ಒಂದೇ ಔಷಧವನ್ನು ಕಿತ್ತುಕೊಂಡಂತಾಯಿತು. ಹಾಗೆಂದು ‘ನೀವು ಕಾಲಿಗೆ ವಿಶ್ರಾಂತಿ ಕೊಡಲಿಲ್ಲ’ ಎಂದು ತಪ್ಪು ಹೊರಿಸುವುದೂ ಅನ್ಯಾಯ. ಆ ನೀರನ್ನು ಯಾರು ಹಿಡಿಯುತ್ತಾರೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎರಡು ದಿನ ತಡೆದು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದ್ದದ್ದನ್ನು ಅಂಕಿ ಸಮೇತ ಹೇಳಿದೆ. ವೈನಿ ಅಳಲಿಲ್ಲ. “ನಂಗ ಗೊತ್ತಿತ್ತು. ಆ ಹಾಳಿ ನೋಡಿದ ಮ್ಯಾಲೆ ಡಾಕ್ಟ್ರು ನನ್ನ ಮುಖಾನ ನೋಡಲಿಲ್ಲ” ಎಂದರು. ಆಮೇಲೆ ತುಸು ಹೊತ್ತು ಬಿಟ್ಟು, “ಆ ಒಂಬತ್ತು ಮಂದಿ ಏನ್ ಮಾಡಿದ್ರಂತ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಗಿನ ಐದಕ್ಕೆ ಮೇಲಿನ ಮನೆಯಲ್ಲಿ ಕೊಡದ ಸದ್ದಾಯಿತು. ಜೊತೆಗೆ, ನೀರು ಚೆಲ್ಲಿದ್ದಕ್ಕೆ ವೈನಿ ಮಗನನ್ನು ಬೈಯುವ ಸದ್ದೂ ಕೇಳಿಸಿತು.